ಆಲದೆಲೆಯ ಊಟ

ಅಮಲ್ದಾರರು ಕೂರಬೇಕಾದ ಕುರ್ಚಿಯನ್ನು ಚಾವಡಿಯ ಜಗಲಿಗೆ ಏರಿಸುತ್ತಿದ್ದಾಗ, ತಾನು ಯಾವ ಸೀಮೆಯವನು ಎಂಬುದು ಇವತ್ತು ಮಧ್ಯಾಹ್ನದೊಳಗೆ ತೀರ್ಮಾನವಾಗುತ್ತದೆ ಎಂಬುದು ತಿಪ್ಪಯ್ಯನಿಗೆ ಮತ್ತೊಮ್ಮೆ ನೆನಪಾಯಿತು. ಕೈ ಸಡಿಲವಾಗಿ ಕುರ್ಚಿಯ ಕಾಲು ಅವನ ಕಾಲಿನ ಹೆಬ್ಬೆರಳ ಮೇಲೆ ಕೂತಿತು. ಬಾಯಿಗೆ ಬಂದದ್ದನ್ನು ಅವನು ಹಲ್ಲು ಕಚ್ಚಿ ತಡೆದ. ನೋವಾದಾಗ ಅವನಿಗೆ ತೆಲುಗು ಬರುತ್ತಿತ್ತು. ಮಿಡಿಗೇಶಿಗೆ ಬಂದ ಮೇಲೆ ಅವನು ಇಲ್ಲಿಯವರಂತೆ ಜಗಳವಾಡುವುದನ್ನು ಕಲಿತಿದ್ದ, ಇಲ್ಲಿಯವರಂತೆ ಕ್ಯಾಕರಿಸುವುದನ್ನು ಕಲಿತಿದ್ದ, ಸಾಲದ್ದಕ್ಕೆ ಇಲ್ಲಿಯವರಂತೆ ಆಚೆ ಕಡೆಯವರನ್ನು ಆಡಿಕೊಳ್ಳುವುದನ್ನೂ ಕಲಿತಿದ್ದ. ಆದರೆ ಹೆಬ್ಬೆರಳು ಜಜ್ಜಿದರೆ ಮಾತ್ರ ಮಡಕಶಿರಾ ಕಡೆಯ ಅವನ ಅವ್ವನ ಮಾತೇ ಹೊರಗೆ ಬರುತ್ತಿತ್ತು. ಅದಕ್ಕಾಗಿ ಅವನು ಈ ಊರಿನಲ್ಲಿ ಬಹಳ ನೋಡಿ ನೋಡಿ ಕಾಲಿಡುತ್ತಿದ್ದ. ಶಾನುಭೋಗರು, ಶೇಕದಾರರು, ಸುತ್ತಲ ಹಳ್ಳಿಗಳ ಪಟೇಲರು ಎಲ್ಲ ಸೇರಿ ಕಂದಾಯದ ಲೆಕ್ಕ ನೋಡುವ ಜಮಾಬಂದಿಯ ದಿನ ತೆಲುಗಿನಲ್ಲಿ ನರಳುವುದು ಯಾವ ರೀತಿಯಿಂದಲೂ ಗಿಟ್ಟುವ ವ್ಯವಹಾರವಾಗಿರಲಿಲ್ಲ.

"ಏನ್ಲಾ ಕಂಪನಿ, ಅಮಲ್ದಾರ್ರು ಬರಾಕ್ ಮುಂಚೇನೇ ಕುರ್ಚಿ ಮುರೀತಿದ್ದೀಯೇನ್ಲಾ?" ಎಂದು ಬೇವಿನ ಮರದ ಬುಡದಿಂದ ಬೊಮ್ಮಪ್ಪ ಕೂಗಿದ.

ಬೊಮ್ಮಪ್ಪ ಅವನ ಮಾವ, ಊರಿನ ತಳವಾರ. ಎರಡು ಕಣ್ಣಿಗೂ ಪೊರೆ ಬಂದು ಎದುರಿಗೆ ನಿಂತವರ ಮುಖ ಕಾಣದಿದ್ದರೂ ಅಳಿಯನ ತಪ್ಪುಗಳು ಮಾತ್ರ ಎಷ್ಟು ದೂರದಿಂದಲೂ ಅವನಿಗೆ ಚೆನ್ನಾಗಿ ಕಾಣುತ್ತಿದ್ದವು. ಕಂಪನಿ ಎಂಬುದು ಅವನೇ ಇಟ್ಟ ಹೆಸರು. ಊರಿನಿಂದ ಬಿಸಿ ಬುತ್ತಿ ಕಟ್ಟಿಕೊಂಡು ಹೊರಟರೆ ಅದು ಆರುವುದರೊಳಗೆ ಮೈಸೂರು ಸೀಮೆ ಮುಗಿದು ಒಂದು ಬಾಂದುಕಲ್ಲು ಸಿಗುತ್ತಿತ್ತು, ಅದರಾಚೆಯದು ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ಕಂಪನಿ ಸರ್ಕಾರ ಹೋಗಿ ತಲೆಮಾರುಗಳು ಕಳೆದಿದ್ದರೂ ಈಚೆಯವರ ಬಾಯಲ್ಲಿ ಅದು ಕಂಪನಿ ಸೀಮೆಯಾಗಿಯೇ ಉಳಿದಿತ್ತು. ಆಚೆಯ ಹೊಲದಲ್ಲೂ ರಾಗಿ, ಈಚೆಯ ಹೊಲದಲ್ಲೂ ರಾಗಿ. ಆಚೆ ಬಾರದೆ ಹೋಗುವ ಮಳೆ ಚಕ್ರವರ್ತಿಗಳದು, ಈಚೆ ಬಾರದೆ ಹೋಗುವ ಮಳೆ ಮಹಾರಾಜರದು, ಅಷ್ಟೇ ವ್ಯತ್ಯಾಸ. ಗಂಡುಮಕ್ಕಳಿಲ್ಲದ ಬೊಮ್ಮಪ್ಪ ತನ್ನ ಒಬ್ಬಳೇ ಮಗಳು ರಂಗಕ್ಕನಿಗೆಂದು ಆಚೆಯಿಂದ ತಿಪ್ಪಯ್ಯನನ್ನು ಮನೆಅಳಿಯನಾಗಿ ತಂದಿದ್ದ. ಜಾತ್ರೆಯಲ್ಲಿ ಎತ್ತು ನೋಡುವಷ್ಟೇ ಕಾಳಜಿಯಿಂದ ಭುಜ, ಕಾಲು, ಹಲ್ಲು ಎಲ್ಲ ನೋಡಿಯೇ ತಂದಿದ್ದ. ಅಂದಿನಿಂದ ಜನರನ್ನು ಚಾವಡಿಗೆ ಕೂಗಿ ಕರೆಯುವುದು, ಎಲ್ಲೆಕಲ್ಲುಗಳು ನೆಟ್ಟಗಿವೆಯೇ ಎಂದು ಸುತ್ತಿ ನೋಡುವುದು, ಅಧಿಕಾರಿಗಳು ಬಂದಾಗ ನೀರು ಸೌದೆ ಹೊರುವುದು ಎಲ್ಲ ತಿಪ್ಪಯ್ಯನ ಪಾಲಿಗೆ ಬಂದಿತ್ತು. ಗಂಡಭೇರುಂಡದ ಹಿತ್ತಾಳೆ ಬಿಲ್ಲೆಯ ಪಟ್ಟಿಯನ್ನು ಮಾತ್ರ ಬೊಮ್ಮಪ್ಪ ಹಾಕಿಕೊಳ್ಳುತ್ತಿದ್ದ.

ಈಗ ಬಿಲ್ಲೆ ಕೈ ಬದಲಾಯಿಸುವ ಹೊತ್ತು ಬಂದಿತ್ತು. ಕಣ್ಣು ಕಾಣದ ತಳವಾರನನ್ನು ಇಟ್ಟುಕೊಳ್ಳಲು ಸರ್ಕಾರಕ್ಕೆ ಮನಸ್ಸಿರಲಿಲ್ಲ. ಅವನ ಮನೆಯವರಿಗೇ ಆ ಕೆಲಸ ಕೊಡಲು ಅಡ್ಡಿಯೂ ಇರಲಿಲ್ಲ, ಆದರೆ ಹಾಗೆ ಬರುವವನು ಮೈಸೂರು ಸೀಮೆಯ ಖಾಯಂ ನಿವಾಸಿಯಾಗಿರಬೇಕು ಎಂದು ಹೊಸ ಅಮಲ್ದಾರರು ಹೇಳಿಕಳಿಸಿದ್ದರು. ಬೆಂಗಳೂರಿನ ದೊಡ್ಡ ಕಚೇರಿಗಳಲ್ಲೆಲ್ಲ ಮದ್ರಾಸಿನ ಕಡೆಯವರೇ ತುಂಬಿಕೊಂಡಿದ್ದಾರೆ, ಮೈಸೂರಿನ ಬಿ.ಎ.ಗಳು ತಾಲ್ಲೂಕುಗಳಲ್ಲಿ ಧೂಳು ಕುಡಿಯುತ್ತಿದ್ದಾರೆ ಎಂಬುದು ಅವರ ಬಹುದಿನದ ಸಂಕಟವಂತೆ. ಆ ಸಂಕಟ ಬೆಂಗಳೂರಿನಲ್ಲಿ ಯಾರನ್ನೂ ಅಲ್ಲಾಡಿಸಲಾಗದೆ, ತುಮಕೂರಿನಲ್ಲೂ ನಿಲ್ಲಲು ಜಾಗ ಸಿಗದೆ, ಮಧುಗಿರಿಗೆ ಇಳಿದು, ಕೊನೆಗೆ ಮಿಡಿಗೇಶಿಯ ಮನೆಅಳಿಯನೊಬ್ಬನ ಮೇಲೆ ಬಂದು ಬಿದ್ದಿತ್ತು. "ಹೆಂಡ್ತಿ ಕಡೆಯಿಂದ ನೀನು ಮೈಸೂರಿನವನು ಅಂತ ಆಗಬಹುದು ಕಣೋ," ಎಂದು ಶಾನುಭೋಗರು ಸಮಾಧಾನ ಹೇಳಿದ್ದರು. "ಆದರೆ ನಿನ್ನ ಮಾವ ಎಲ್ಲರೆದುರಿಗೆ ಇವನು ನಮ್ಮವನು ಅಂತ ಬಾಯಿಬಿಟ್ಟು ಹೇಳಬೇಕು." ತೊಡಕಿದ್ದದ್ದೇ ಅಲ್ಲಿ. ಬೊಮ್ಮಪ್ಪ ಇಷ್ಟು ವರ್ಷಗಳಲ್ಲಿ ಆ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ. ಪರವೂರಿನವರು ಇವನ್ಯಾರು ಎಂದು ಕೇಳಿದರೆ "ಬಂದೋನು" ಎನ್ನುತ್ತಿದ್ದ. ಇವತ್ತೂ ಹಾಗೆಯೇ ಎಂದುಬಿಟ್ಟರೆ ಬಿಲ್ಲೆ ಪಟೇಲರ ಕಡೆಯ ಅಡವಯ್ಯನಿಗೆ ಹೋಗುತ್ತಿತ್ತು, ಮತ್ತು ತಿಪ್ಪಯ್ಯ ಅಡವಯ್ಯನ ಎದೆಯ ಮೇಲೆ ಅದನ್ನು ನೋಡುತ್ತ, ಮಾವನ ಹಿಟ್ಟು ತಿನ್ನುತ್ತ, ಸಾಯುವವರೆಗೂ ಬಂದವನಾಗಿಯೇ ಇರಬೇಕಿತ್ತು.

ಬೆಳಿಗ್ಗೆ ಹೊರಡುವಾಗ ರಂಗಕ್ಕ ಕೊಟ್ಟಿಗೆಯ ಬಾಗಿಲಲ್ಲಿ ಸಗಣಿ ಕೈಯಲ್ಲೇ ಅವನನ್ನು ತಡೆದಿದ್ದಳು. "ಅಲ್ಲಿ ಏನಾನ ಕೇಳುದ್ರೆ ಅಪ್ಪನ ಮಕ ನೋಡ್ಕಂಡು ನಿಂತ್ಕಬ್ಯಾಡ. ನಾನು ರಂಗಿ ಗಂಡ, ಇಲ್ಲೇ ಇರೋನು ಅನ್ನು. ಅಷ್ಟಂದ್ರೆ ಸಾಕು," ಎಂದಿದ್ದಳು. "ಅಷ್ಟಕ್ಕೇ ಕೊಟ್ಬುಟ್ಟಾರಾ?" ಎಂದು ಅವನು ನಕ್ಕಿದ್ದ. "ಕೊಡದಿದ್ರೆ ಬುಡ್ಲಿ. ಅಂದಿದ್ದಾದ್ರೂ ಉಳೀತೈತೆ," ಎಂದು ಅವಳು ಒಳಗೆ ಹೋಗಿದ್ದಳು. ಹೆಂಗಸರಿಗೆ ಸರ್ಕಾರದ ವಿಷಯ ತಿಳಿಯುವುದಿಲ್ಲ ಎಂದುಕೊಂಡು ಅವನು ಬಂದಿದ್ದ. ಆದರೂ ಆ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಆಡಿಸಿ ನೋಡಿದ್ದ. ಯಾಕೋ ಪ್ರತಿ ಸಲವೂ ಅದು ಬೇರೆ ಯಾರೋ ಧೈರ್ಯಸ್ಥನ ಮಾತಿನಂತೆ ಕೇಳಿಸಿತ್ತು.

ರಂಗಕ್ಕನಿಗೇನು, ಅವಳು ಆಲದ ಬೆಡಗಿನವಳು; ಬೆಡಗೆಂದರೆ ಕುಲದೊಳಗಿನ ಗೋತ್ರ. ಅವರ ಬೆಡಗಿನ ಮೊದಲಿಗ ಆಲದ ಪೊಟರೆಯಲ್ಲಿ ಅಡಗಿ ಜೀವ ಉಳಿಸಿಕೊಂಡನಂತೆ; ಅದಕ್ಕೆ ಆ ಬೆಡಗಿನವರು ಆಲದೆಲೆ ಮುಟ್ಟುವುದಿಲ್ಲ, ಆಲದೆಲೆಯಲ್ಲಿ ಉಣ್ಣುವುದಿಲ್ಲ. ಒಂದು ಬೆಡಗಿನವರೆಲ್ಲ ಅಣ್ಣತಂಗಿಯರು, ಅವರೊಳಗೆ ಹೆಣ್ಣು ಕೊಟ್ಟು ತರುವ ಮಾತಿಲ್ಲ. ತಿಪ್ಪಯ್ಯನದು ನವಿಲಿನ ಬೆಡಗು. ಮದುವೆಯ ದಿನ, ಗಂಡು ತಮ್ಮ ಬೆಡಗಿನವನಲ್ಲ ಎಂಬುದಕ್ಕೆ ಸಾಕ್ಷಿಯಾಗಿ, ಅವನು ಕುಲದವರೆಲ್ಲರ ಎದುರಿಗೆ ಆಲದೆಲೆಯಲ್ಲಿ ಉಂಡು ಎದ್ದ ಮೇಲೆಯೇ ತಾಳಿ. ಬೇರೆ ಗಂಡುಗಳು ಹಾಗೆ ಒಂದು ಸಲ ಉಂಡು, ಹೆಣ್ಣನ್ನು ಕರೆದುಕೊಂಡು ತಮ್ಮೂರಿಗೆ ಹೋಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ತಿಪ್ಪಯ್ಯ ಎಲ್ಲಿಗೂ ಹೋಗಲಿಲ್ಲವಾದ್ದರಿಂದ ಆಲದೆಲೆಯೂ ಹೋಗಲಿಲ್ಲ. ಮನೆಯವರೆಲ್ಲ ಮುತ್ತುಗದೆಲೆಯಲ್ಲಿ ಉಂಡರೆ ಅತ್ತೆ ಕದರಮ್ಮ ಅವನ ಮುಂದೆ ಮಾತ್ರ ದಿನವೂ ಆಲದೆಲೆ ಇರಬೇಕೆಂದಳು. "ಅಳೀನ ಮರ್ವಾದೆ ಕಣಪ್ಪ," ಎನ್ನುತ್ತಿದ್ದಳು. ಆ ಮರ್ಯಾದೆಯನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲವಾದ್ದರಿಂದ ಅವನೇ ಕಿತ್ತು ತಂದು, ಅವನೇ ಕಡ್ಡಿ ಚುಚ್ಚಿ ಹಚ್ಚಿಕೊಂಡು, ಉಂಡ ಮೇಲೆ ಅವನೇ ಎಸೆಯಬೇಕಿತ್ತು. ಹಿತ್ತಲಲ್ಲಿ ಗಂಡಸೊಬ್ಬ ಕೂತು ಎಲೆ ಹಚ್ಚುವುದನ್ನು ನೋಡಲು ಮೊದಮೊದಲು ಬೇಲಿಯಾಚೆ ಜನ ನಿಲ್ಲುತ್ತಿದ್ದರು. ಒಂದು ಮಾತು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ರಂಗಕ್ಕ ಆ ಹೊತ್ತಿಗೆ ಬಂದು ಒಂದು ಮೊಳ ದೂರದಲ್ಲಿ ಕೂತು, ಎಲೆ ಮುಟ್ಟದೆ, ಕಡ್ಡಿ ಸೀಳಿ ಸೀಳಿ ಅವನ ಕೈಗೆ ಕೊಡುತ್ತಿದ್ದಳು. ಆ ಮನೆಯಲ್ಲಿ ಅವರಿಬ್ಬರು ಗಂಡ ಹೆಂಡತಿಯಂತೆ ಮಾತಾಡುತ್ತಿದ್ದದ್ದು ಆಗಲೇ.

ಚಾವಡಿಯ ಮುಂದೆ ನೀರು ಚಿಮುಕಿಸಿ ಧೂಳು ಅಡಗಿಸುವಾಗ ಅವನ ಕೈ ತಲೆಗೆ ಹೋಯಿತು. ಈಚೆಗೆ ಅದೊಂದು ಚಾಳಿಯಾಗಿತ್ತು. ಕೂದಲು ದಟ್ಟವಾಗಿ ಅಲ್ಲೇ ಇತ್ತು. ಹೋದ ಸುಗ್ಗಿಯಲ್ಲಿ ಅಪ್ಪ ಸತ್ತ ಸುದ್ದಿ ಬಂದಾಗ ಬೊಮ್ಮಪ್ಪ ಬೇಡವೆನ್ನಲಿಲ್ಲ, ಅವನು ಅಂಥ ಕಟುಕನಲ್ಲ. "ಓಗಿ ಮಣ್ಣಾಕಿ ಬಾ. ತಲೆ ಗಿಲೆ ಬೋಳಿಸ್ಕಂಡು ಬಂದ್ಯೋ, ಇವನ ಮನೆ ಇನ್ನೂ ಅಲ್ಲೇ ಐತೆ ಅಂತ ಅಡವಯ್ಯ ನಾಳೇನೇ ಅಮಲ್ದಾರ್ರಿಗೆ ಹೇಳ್ತಾನೆ ನೋಡ್ಕ," ಎಂದ. ತಿಪ್ಪಯ್ಯನಿಗೆ ಅದು ಬಹಳ ದೂರದ ಆಲೋಚನೆ ಎನ್ನಿಸಿತು. ಅಲ್ಲಿ ಅಪ್ಪನ ಗುಂಡಿಯ ಪಕ್ಕದಲ್ಲಿ ಕ್ಷೌರದವನು ಕತ್ತಿ ಮಸೆದುಕೊಂಡು, ಪಕ್ಕದಲ್ಲಿ ನೀರಿಟ್ಟುಕೊಂಡು, ಹಿರಿಯ ಮಗನ ತಲೆಗಾಗಿ ಕಾಯುತ್ತಿದ್ದ. "ಗುಂಡು ಮಾಡಿಸ್ಕಳಲ್ವೇನು ನಾಯನಾ?" ಎಂದು ಅವ್ವ ಕೇಳಿದಳು. "ಅಲ್ಲಿ ಜಮಾಬಂದಿ ಐತಮ್ಮ," ಎಂದ ತಿಪ್ಪಯ್ಯ. ಮಹಾರಾಜರ ಜಮಾಬಂದಿಗೂ ತನ್ನ ಗಂಡನ ಸಾವಿಗೂ ಏನು ಸಂಬಂಧ ಎಂದು ಆಕೆ ಕೇಳಲಿಲ್ಲ. ಮಗ ದೊಡ್ಡವರ ಒಡನಾಟದಲ್ಲಿದ್ದಾನೆ ಎಂದುಕೊಂಡಳೋ ಏನೋ, ಅವನ ತಲೆಯ ಮೇಲೆ ಒಮ್ಮೆ ಕೈಯಾಡಿಸಿದಳು. ಕ್ಷೌರದವನು ಕತ್ತಿ ಒರೆಸಿ ಹೊದಿಕೆಯಲ್ಲಿ ಸುತ್ತಿಟ್ಟ. ನಾಚಿಕೆಯಿಂದ ಸತ್ತುಹೋಗಬೇಕು ಎನ್ನಿಸಿತ್ತು ತಿಪ್ಪಯ್ಯನಿಗೆ. ಆದರೆ ಸತ್ತರೆ ಬಿಲ್ಲೆ ಸಿಗುತ್ತಿರಲಿಲ್ಲ. ಅವನು ನೀರಿನ ಚೊಂಬನ್ನು ಕೆಳಗಿಟ್ಟು ದಾರಿಯ ಕಡೆ ನೋಡಿದ.

ಅಮಲ್ದಾರರ ಕಮಾನುಗಾಡಿ ಬಂದಾಗ ಕೋಟೆಗುಡ್ಡದ ಬಂಡೆಗಳು ಕಾಯತೊಡಗಿದ್ದವು. ಅಮಲ್ದಾರರು ಚಿಕ್ಕ ವಯಸ್ಸಿನವರು, ಕತ್ತಿನವರೆಗೂ ಗುಂಡಿ ಹಾಕಿದ ಕೋಟು, ಜರಿಯಂಚಿನ ಪೇಟ, ಎಲ್ಲಿಯೋ ಇರಬೇಕಾದವನು ಇಲ್ಲಿದ್ದೇನೆ ಎನ್ನುವ ಮುಖ. ಕಂದಾಯ, ಕೆರೆಯ ತೂಬು, ಗೋಮಾಳದ ತಕರಾರು ಎಲ್ಲ ಮುಗಿದು ಎಲ್ಲರಿಗೂ ಆಕಳಿಕೆ ಬರುವ ಹೊತ್ತಿಗೆ ತಿಪ್ಪಯ್ಯನ ಸರದಿ ಬಂತು. ಶಾನುಭೋಗರು ಎದ್ದು ನಿಂತು, ಇವನು ತಳವಾರನ ಮನೆಅಳಿಯ, ಹುಟ್ಟಿದ್ದು ಆಚೆ, ಹೆಂಡತಿ ಈ ಊರಿನವಳು, ಅವಳ ಕಡೆಯಿಂದ ಇವನನ್ನು ಖಾಯಂ ನಿವಾಸಿ ಎನ್ನಬಹುದೇ ಎಂದು ಅರಿಕೆ ಮಾಡಿದರು. ಅಮಲ್ದಾರರು ಅವತ್ತು ಮೊದಲ ಸಲ ನಕ್ಕರು.

"ಅದು ಹೇಗಾಗುತ್ತೆ ರೀ? ಹೆಂಡತಿ ಗಂಡನ ಸೀಮೆಗೆ ಸೇರ್ತಾಳೆ, ಗಂಡ ಹೆಂಡತಿ ಸೀಮೆಗೆ ಸೇರೋದಿಲ್ಲ. ಕಾನೂನು ಹಿಡಿದು ನೋಡಿದರೆ ಈ ತಳವಾರನ ಮಗಳೇ ಈಗ ಮದ್ರಾಸಿನವಳು."

ಜನ ನಕ್ಕರು. ಅಮಲ್ದಾರರು ನಕ್ಕ ಮೇಲೆ ನಗದಿದ್ದರೆ ಕಂದಾಯ ಹೆಚ್ಚಾದೀತು ಎಂಬಂತೆ ನಕ್ಕರು. ಬಾವಿಕಟ್ಟೆಯ ಬಳಿ ಕೊಡ ಇಳಿಸಿ ಹೆಂಗಸರ ಜೊತೆ ನಿಂತಿದ್ದ ರಂಗಕ್ಕ ನಗಲಿಲ್ಲ. ಹುಟ್ಟಿದಾಗಿನಿಂದ ಕೋಟೆಗುಡ್ಡ ಕಣ್ಣಿಗೆ ಮರೆಯಾಗುವಷ್ಟು ದೂರ ಹೋಗದಿದ್ದ ಅವಳು, ನಿಂತಲ್ಲೇ ನಿಂತು, ಕೊಡ ಒಂದು ಇಂಚೂ ಅಲುಗದೆ, ಪರಸೀಮೆಯವಳಾಗಿದ್ದಳು. "ನೀನೇ ಹೇಳಯ್ಯಾ, ಇಲ್ಲಿ ನೀನು ಏನಾಗಬೇಕು?" ಎಂದರು ಅಮಲ್ದಾರರು. ಬೆಳಗಿನ ಮಾತು ತಿಪ್ಪಯ್ಯನ ನಾಲಗೆಯ ಮೇಲೇ ಇತ್ತು. ರಂಗಿ ಗಂಡ, ಇಲ್ಲೇ ಇರೋನು. ಅವನು ಬಾಯಿ ತೆರೆದ. ತೆರೆದ ಬಾಯಲ್ಲೇ, ಅವಳು ಬೇಡವೆಂದಿದ್ದಂತೆಯೇ, ಮಾವನ ಮುಖದ ಕಡೆ ತಿರುಗಿದ.

"ಮಾವನ್ನ ಕೇಳಿ ಬುದ್ಧಿ," ಎಂದ.

ಪಕ್ಕದಲ್ಲಿ ಅಡವಯ್ಯ ಗಂಟಲು ಸರಿಮಾಡಿಕೊಂಡ. ಆ ಸದ್ದು ಬೊಮ್ಮಪ್ಪನಿಗೆ ಕೇಳಿಸಿತು. ಬಿಲ್ಲೆಯ ಮೇಲೆ ಅವನ ಕೈ ತಾನಾಗಿಯೇ ಹೋಯಿತು. ಹುಣಿಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಬೆಳಗಿದ ಬಿಲ್ಲೆ. ಅವನು ಕೋಲೂರಿ ಎರಡು ಹೆಜ್ಜೆ ಮುಂದೆ ಬಂದ.

"ಅಳಿಯ ಅಲ್ಲ ಬುದ್ಧಿ. ಮಗ," ಎಂದ ಬೊಮ್ಮಪ್ಪ. "ಮನೆದೇವ್ರ ಪೆಟ್ಟಿಗೆ ಮುಟ್ಟಿಸಿ ಮಗನ್ನ ಮಾಡ್ಕಂಡಿವ್ನಿ. ನಮ್ಮ ಬೆಡಗಿಗೇ ಸೇರಿಸ್ಕಂಡಿವ್ನಿ. ನಾ ಸತ್ರೆ ಮಣ್ಣಾಕೋನು ಇವ್ನೇಯ."

"ದತ್ತುಮಗನೇ? ಅದನ್ನ ಮೊದಲೇ ಹೇಳಬಾರದೇನಯ್ಯ! ಮಗನಾದರೆ ತಂದೆಯ ಸೀಮೆ. ತಕರಾರೇ ಇಲ್ಲ."

ಯಾವ ಪೆಟ್ಟಿಗೆಯನ್ನೂ ಯಾರೂ ಮುಟ್ಟಿಸಿರಲಿಲ್ಲ. ಆ ಪೆಟ್ಟಿಗೆಯಿದ್ದ ಕೋಣೆಯ ಹೊಸಿಲನ್ನೇ ತಿಪ್ಪಯ್ಯ ದಾಟಿರಲಿಲ್ಲ. ಅಷ್ಟು ಗೊತ್ತಿದ್ದೂ ಮಗ ಎಂಬ ಶಬ್ದ ಕಿವಿಗೆ ಬಿದ್ದಾಗ ಅವನ ಕಣ್ಣು ತುಂಬಿತು. ಎಂಥ ಹೊಟ್ಟೆಬಾಕ ಮನಸ್ಸು ತನ್ನದು ಎಂದು ಅವನಿಗೇ ಅಸಹ್ಯವಾಯಿತು, ಆದರೂ ಸಂತೋಷ ತಡೆಯಲಾಗಲಿಲ್ಲ. ಬೊಮ್ಮಪ್ಪ ತನ್ನ ಸುಳ್ಳಿಗೆ ತಾನೇ ಕರಗಿಹೋಗಿ ಮೂಗು ಒರೆಸಿಕೊಳ್ಳುತ್ತ, ಪಟ್ಟಿ ಬಿಚ್ಚಿ, ತಡಕಾಡಿ ಅಳಿಯನ ಬೆನ್ನ ಹಿಂದೆ ಗಂಟು ಹಾಕಿದ. ಬಿಲ್ಲೆಯ ಮೇಲೆ ಎರಡು ತಲೆಯ ಹಕ್ಕಿ ಒಂದು ತಲೆಯಿಂದ ಆಚೆಗೂ ಒಂದು ತಲೆಯಿಂದ ಈಚೆಗೂ ನೋಡುತ್ತಿತ್ತು. ಮೈಸೂರು ಸರ್ಕಾರದಲ್ಲಿ ಆ ಅನುಕೂಲ ಅದಕ್ಕೊಂದಕ್ಕೇ ಇತ್ತು. ಅಮಲ್ದಾರರು ಎಳನೀರಿಗೆಂದು ಎದ್ದು ಚಾವಡಿಯ ಒಳಕೋಣೆಗೆ ಹೋದರು.

ಆಗ ಪರ್ವತಯ್ಯ ಎದ್ದ. ಅವನು ಕುಲದ ನ್ಯಾಯ ತೀರಿಸುವ ಕಟ್ಟೆಮನೆಯ ಯಜಮಾನ. ಯಾರಿಗೂ ಕೇಡು ಬಯಸಿದವನಲ್ಲ, ಬರೀ ಪ್ರಶ್ನೆ ಕೇಳುವವನು. "ಬೋ ಸಂತೋಸ ಆಯ್ತು ಬೊಮ್ಮಣ್ಣ," ಎಂದು ಅವನು ಎಲೆಅಡಿಕೆ ಉಗಿದು ಬಂದು ನಿಧಾನವಾಗಿ ಹೇಳಿದ. "ಒಂದೇ ಒಂದು ಮಾತು. ತಿಪ್ಪಯ್ಯ ನಮ್ಮ ಆಲದ ಬೆಡಗಿಗೆ ಸೇರ್ದ ಅಂದ್ಯಲ್ಲ, ಅಂಗಾರೆ ನಿನ್ನ ಮಗಳು ರಂಗಕ್ಕ ಅವುನ್ಗೆ ಏನಾದ್ಲು?"

ಯಾರೂ ನಗಲಿಲ್ಲ. ಅಮಲ್ದಾರರ ಕಾನೂನಿಗೆ ನಕ್ಕವರು ಕುಲದ ಕಾನೂನಿಗೆ ನಗುವುದಿಲ್ಲ. ಬೊಮ್ಮಪ್ಪ ತಡವರಿಸಿದ. "ಅದು ಸರ್ಕಾರದ ಮಾತು ಕಣಪ್ಪ, ಕುಲದ್ದಲ್ಲ."

"ಮನೆದೇವ್ರ ಪೆಟ್ಟಿಗೆ ಅಂದ್ಯಲ್ಲ. ದೇವ್ರು ಸರ್ಕಾರದ್ದಾ?" ಎಂದ ಪರ್ವತಯ್ಯ. "ಮದುವೆ ದಿವ್ಸ ಇವ್ನು ಆಲದೆಲೆಯಾಗೆ ಉಂಡಿದ್ದ ನಾವೆಲ್ಲ ಕಣ್ಣಾರೆ ಕಂಡೀವಿ. ಅದು ಸುಳ್ಳೋ, ಇದು ಸುಳ್ಳೋ, ಯಾವ್ದಾರ ಒಂದು ಹೇಳ್ಬುಡಪ್ಪ, ನಮ್ಗೇನು."

"ಅದ್ಕೇಯಾ ಮಕ್ಳಾಗ್ಲಿಲ್ಲ ಬುಡು," ಎಂದು ಹಿಂದಿನಿಂದ ಯಾರೋ ಬಹಳ ದಿನದ ಒಂದು ಒಗಟು ಬಿಡಿಸಿದವರಂತೆ ಹೇಳಿದರು.

ಪರ್ವತಯ್ಯ ತೀರ್ಪನ್ನೂ ಅಷ್ಟೇ ಮೆಲ್ಲಗೆ ಕೊಟ್ಟ. ಅಮಲ್ದಾರರು ಇನ್ನೂ ಒಳಗೇ ಇದ್ದಾರೆ. ತಿಪ್ಪಯ್ಯ ಹೋಗಿ, ನಾನು ಮಗನಲ್ಲ, ಅಳಿಯ ಎಂದು ಹೇಳಿ ಬಿಲ್ಲೆ ಇಟ್ಟು ಬಂದರೆ ಮುಗಿಯಿತು, ಯಾರೂ ಏನೂ ಅನ್ನುವುದಿಲ್ಲ. ಬಿಲ್ಲೆಯೇ ಬೇಕೆಂದರೆ ಇವತ್ತಿನಿಂದ ಆ ಸೂರಿನಡಿ ಗಂಡ ಹೆಂಡತಿ ಇರುವಂತಿಲ್ಲ. "ಅಣ್ಣ ತಂಗಿ ಅಂತ ಬೇಕಾರೆ ಇರ್ರಪ್ಪ, ಅದ್ಕೆ ಅಡ್ಡಿ ಇಲ್ಲ," ಎಂದು ಸೇರಿಸಿದ. ತಿಪ್ಪಯ್ಯ ಬಾವಿಕಟ್ಟೆಯ ಕಡೆ ನೋಡಿದ. ರಂಗಕ್ಕ ಅವನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಕಡ್ಡಿ ಸೀಳಿ ಕೈ ಚಾಚಿ ಅವನು ತೆಗೆದುಕೊಳ್ಳಲೆಂದು ಕಾಯುವಾಗ ಹೇಗೆ ನೋಡುತ್ತಿದ್ದಳೋ ಹಾಗೆ ನೋಡುತ್ತಿದ್ದಳು. ಅವನು ಒಳಕೋಣೆಯ ಕಡೆ ನಡೆದ, ಮತ್ತು ನಡೆಯುವಾಗ ನಿಜವಾಗಿಯೂ ಬಿಲ್ಲೆ ಕೊಟ್ಟುಬಿಡಬೇಕೆಂದೇ ನಡೆದ. ಹೇಳಬೇಕಾದ ಮಾತನ್ನು ಹೆಜ್ಜೆಗೊಂದು ಸಲ ಹೇಳಿಕೊಂಡ. ಬಾಗಿಲಲ್ಲಿ ನಿಂತಾಗ ಅಮಲ್ದಾರರು ಎಳನೀರು ಕುಡಿದು ಕರವಸ್ತ್ರದಿಂದ ತುಟಿ ಒತ್ತಿಕೊಳ್ಳುತ್ತಿದ್ದರು. ಅವನನ್ನು ಕಂಡು, ಕೊಟ್ಟವನು ಪಡೆದವನನ್ನು ನೋಡುವ ಪ್ರೀತಿಯಿಂದ ನೋಡಿದರು.

"ಏನಯ್ಯಾ, ಮೈಸೂರಿನವನಾಗಿಬಿಟ್ಟೆಯಲ್ಲ. ಸಂತೋಷವೇ?"

ಬೆನ್ನ ಹಿಂದೆ ಇಡೀ ಊರು ಕಿವಿಗೊಟ್ಟಿತ್ತು.

"ಸಂತೋಷ ಬುದ್ಧಿ," ಎಂದ ತಿಪ್ಪಯ್ಯ.

"ಎಲ್ಲೆಕಲ್ಲುಗಳನ್ನ ಚೆನ್ನಾಗಿ ನೋಡಿಕೋ. ಆಚೆಯವರು ಕಲ್ಲು ಸರಿಸೋ ಕಳ್ಳರು."

"ಹೌದು ಬುದ್ಧಿ. ಕಳ್ಳರು," ಎಂದ. ಅಷ್ಟು ಕೇಳಿರಲಿಲ್ಲ ಅವರು. ಎರಡನೆಯ ಮಾತನ್ನು ಅವನೇ ಕೈಯಿಂದ ಹಾಕಿದ್ದ. ತಿರುಗಿ ನೋಡಿದಾಗ ಬಾವಿಕಟ್ಟೆಯ ಮೇಲೆ ರಂಗಕ್ಕನ ಕೊಡವಿತ್ತು, ರಂಗಕ್ಕ ಇರಲಿಲ್ಲ.

ಗಾಡಿ ಹೊರಟ ಮೇಲೆ ಅವನು ಮನೆಗೆ ಬಂದ. ಕದರಮ್ಮ ಗೋಡೆಯ ಕಡೆ ಮುಖ ಮಾಡಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಆದರೆ ಊಟಕ್ಕೆ ಹಾಕಿದ್ದಳು. ಬೊಮ್ಮಪ್ಪನ ಪಕ್ಕದಲ್ಲಿ, ಗಂಡುಮಗ ಕೂರಬೇಕಾದ ಜಾಗದಲ್ಲಿ, ಹೊಸ ಮುತ್ತುಗದೆಲೆ. ಅದರ ಮೇಲೆ ಎಲ್ಲರಿಗಿಂತ ಮೊದಲು ಬಡಿಸಿದ, ಎಲ್ಲರದಕ್ಕಿಂತ ದಪ್ಪ ಮುದ್ದೆ. "ಕೂತ್ಕ ಮಗಾ. ಅವ್ಳು ಇವತ್ತು ಮುನಿಸ್ಕಂಡವ್ಳೆ, ನಾಳೆ ಸರಿಯಾಯ್ತಾಳೆ," ಎಂದ ಬೊಮ್ಮಪ್ಪ, ಎಲ್ಲಿಯೋ ನೋಡುತ್ತ. ಇಷ್ಟು ವರ್ಷ ತಿಪ್ಪಯ್ಯ ಬಯಸಿದ್ದು ಇದನ್ನೇ. ಈ ಎಲೆ, ಈ ಜಾಗ, ಈ ಶಬ್ದ. ಹಿತ್ತಲ ಗೂಡಿನಲ್ಲಿ ಅವನು ಹಚ್ಚಿಟ್ಟಿದ್ದ ಆಲದೆಲೆಯ ಕಟ್ಟು ಇರಲಿಲ್ಲ. ಎಲ್ಲಿ ಎಂದು ಕೇಳಿದ. ಕದರಮ್ಮ ಗೋಡೆಗೇ ಹೇಳಿದಳು, "ತಗಂಡೋದ್ಲಪ್ಪ. ಕೈಯಾಗೇ ಮುಟ್ಟಿ ತಗಂಡೋದ್ಲು, ಬಾಂದುಕಲ್ಲಿನ ಕಡೀಕೆ." ತಿಪ್ಪಯ್ಯ ಮುದ್ದೆ ಮುಟ್ಟದೆ, ಎಲ್ಲೆಕಲ್ಲು ನೋಡಿ ಬರುತ್ತೇನೆ ಎಂದು ಎದ್ದ. ತಳವಾರನಾದ ಮೇಲೆ ಹೆಂಡತಿಯ ಹಿಂದೆ ಓಡುವುದಕ್ಕೂ ಒಂದು ಸರ್ಕಾರಿ ಕಾರಣ ಸಿಕ್ಕಿತ್ತು.

ಅವಳು ಬಾಂದುಕಲ್ಲಿನ ಆಚೆ ಬದಿಯಲ್ಲಿ, ಹೊಂಗೆಯ ನೆರಳಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಒಂದು ಬಟ್ಟೆಗಂಟು. ತೊಡೆಯ ಮೇಲೆ ಆಲದೆಲೆಯ ಕಟ್ಟು. ಅದರ ಮೇಲೆ ಅವಳ ಎರಡೂ ಕೈ. ಆ ಕೈಗಳನ್ನು ಕಂಡು ಅವನಿಗೆ ಅವಳೇನೋ ಬೆತ್ತಲಾಗಿ ಕೂತಿದ್ದಾಳೆಂಬಂತೆ ಗಾಬರಿಯಾಯಿತು.

"ಮುಟ್ಬುಟ್ಯಾ?" ಎಂದ.

"ಅಮಲ್ದಾರ್ರೇ ಅಂದ್ರಲ್ಲ, ನಾನು ನಿಮ್ಮ ಕಡೆಯೋಳು ಅಂತ. ನಿಮ್ಮ ಕಡೆಯೋಳಾದ್ಮ್ಯಾಗೆ ನಂಗ್ಯಾತರ ಆಲದ ಬೆಡಗು? ನವಿಲಿನೋರ ಸೊಸೆ, ಆಲದೆಲೆಯಾಗೆ ಉಣ್ಬೋದು."

"ಎಲ್ಲಿಗೆ ಹೊಂಟೆ?"

"ಅತ್ತೆ ಮನೆಗೆ. ಮದುವೆಯಾಗಿ ಇಷ್ಟು ಕಾಲ ಆತು, ಒಂದಿನಾನೂ ಸೊಸೆ ಆಗ್ಲಿಲ್ಲ. ಆವಮ್ಮ ಒಬ್ಳೇ ಅವ್ಳೆ." ಅವಳು ಗಂಟು ಬಿಚ್ಚಿದಳು. ಎರಡು ಎಲೆ ಹಾಸಿದಳು, ಒಂದು ತನ್ನ ಮುಂದೆ, ಒಂದು ಎದುರಿಗೆ. ಮುದ್ದೆಯನ್ನು ಮುರಿದು ಎರಡು ಮಾಡಿದಳು, ಹುಚ್ಚೆಳ್ಳು ಚಟ್ನಿ ಇಟ್ಟಳು. "ಬಾ, ಉಣ್ಣು. ಬೆಳಿಗ್ಗಿಂದ ಏನೂ ತಿಂದಿಲ್ಲ ನೀನು. ಉಂಡು ಇಬ್ರೂ ಓಗಾನ."

ಎದುರಿನ ಎಲೆ ಇದ್ದದ್ದು ಬಾಂದುಕಲ್ಲಿನಿಂದ ಒಂದು ಮಾರು ಆಚೆಗೆ. ಹಸಿವಿಗೆ ಅವನ ಕಣ್ಣು ಕತ್ತಲಿಡುತ್ತಿತ್ತು. ಆ ಎಲೆಯನ್ನು ಹಚ್ಚಿದ್ದು ತಾನೇ, ಅದರ ಕಡ್ಡಿ ಸೀಳಿದ್ದು ಅವಳು. ಗುಡ್ಡದ ಇಳಿಜಾರಿನಲ್ಲಿ ಯಾರೋ ಮೇಕೆ ಮೇಯಿಸುತ್ತಿದ್ದರು. ಅಷ್ಟು ದೂರದಿಂದ ಮುಖ ಗೊತ್ತಾಗುವುದಿಲ್ಲ, ಆದರೆ ಬಿಸಿಲಿಗೆ ಬಿಲ್ಲೆ ಹೊಳೆಯುತ್ತದೆ. ಮೈಸೂರಿನ ತಳವಾರ, ಆಲದ ಬೆಡಗಿನ ಬೊಮ್ಮಪ್ಪನ ಮಗ, ಬಿಲ್ಲೆ ಕಟ್ಟಿಕೊಂಡ ದಿನವೇ ಎಲ್ಲೆ ದಾಟಿ ಕೂತು ಆಲದೆಲೆಯಲ್ಲಿ ಉಂಡ ಎಂಬ ಸುದ್ದಿ ಸಂಜೆಯೊಳಗೆ ಊರು ತುಂಬುತ್ತದೆ. ತುಂಬಿದರೆ ಏನಾಯಿತು ಎಂದೂ ಅನ್ನಿಸಿತು. ಹೋಗಿ ಅವ್ವನ ಮುಂದೆ ಕೂತು, ಈಗಲಾದರೂ ತಲೆ ಬೋಳಿಸಿಕೊಳ್ಳಬಹುದು ಎನ್ನಿಸಿತು. ಕೈ ಬೆನ್ನ ಹಿಂದಕ್ಕೆ ಹೋಯಿತು. ಕುರುಡ ಮುದುಕ ಹಾಕಿದ ಗಂಟು, ಸಡಿಲವಾಗಿಯೇ ಇತ್ತು, ಎಳೆದಿದ್ದರೆ ಬಿಚ್ಚಿಕೊಳ್ಳುತ್ತಿತ್ತು. ಅವನು ಅದನ್ನು ಇನ್ನೊಂದು ಸುತ್ತು ಬಿಗಿದ.

"ಹಸಿವಿಲ್ಲ ಕಣೇ," ಎಂದ.

ರಂಗಕ್ಕ ಮತ್ತೆ ಕರೆಯಲಿಲ್ಲ. ಅವನು ನಿಂತಿದ್ದಂತೆಯೇ, ಯಾವ ಆತುರವೂ ಇಲ್ಲದೆ, ಜೀವಮಾನದಲ್ಲಿ ಮೊದಲ ಸಲ ಆಲದೆಲೆಯಲ್ಲಿ ಉಂಡಳು. ಅವನ ಪಾಲಿನ ಅರ್ಧ ಮುದ್ದೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ಅವನ ಎಲೆಯನ್ನು ಒರೆಸಿ ಮತ್ತೆ ಕಟ್ಟಿಗೆ ಸೇರಿಸಿದಳು. ಗಂಟನ್ನು ಕಂಕುಳಿಗೆ ಇರುಕಿಕೊಂಡು ಎದ್ದು ಸೆರಗು ಸರಿಮಾಡಿಕೊಂಡು ಅವನ ಮುಖವನ್ನು ನೆಟ್ಟಗೆ ನೋಡಿದಳು.

"ಅಂಗಾರೆ ಬತ್ತೀನಿ ಕಣಣ್ಣ. ಅಪ್ಪುನ್ನ ಚೆಂದಾಗಿ ನೋಡ್ಕ," ಎಂದಳು.

ಅವಳು ಹೊಲದ ಬದುವಿನ ಮೇಲೆ ನಡೆಯುತ್ತ ಜಾಲಿಯ ಮರೆಗೆ ಹೋಗುವವರೆಗೂ ಅವನು ನಿಂತಿದ್ದ. ಆಮೇಲೆ ಮಾಡುವುದಕ್ಕೆ ಬೇರೇನೂ ತೋಚದೆ ಬಾಂದುಕಲ್ಲನ್ನು ಅಲುಗಿಸಿ ನೋಡಿದ, ಭದ್ರವಾಗಿತ್ತು. ತಿರುಗುವಾಗ ಬೆಳಿಗ್ಗೆ ಜಜ್ಜಿದ್ದ ಹೆಬ್ಬೆರಳೇ ಹೋಗಿ ಕಲ್ಲಿಗೆ ಬಡಿಯಿತು. ಜೀವ ಹೋದಂತಾಗಿ ಅವನು ಕೂಗಿಕೊಂಡ. ಬಾಯಿಂದ ಬಂದದ್ದು ಅಚ್ಚ ಮಿಡಿಗೇಶಿಯ ಬೈಗುಳ. ತಿಪ್ಪಯ್ಯ ಕಾಲು ಹಿಡಿದುಕೊಂಡು ಸುತ್ತ ನೋಡಿದ. ಕೇಳಿಸಿಕೊಂಡು ಹೌದೆನ್ನಲು ಹತ್ತಿರದಲ್ಲಿ ಯಾರೂ ಇರಲಿಲ್ಲ.